ಎಲ್‌ಇಡಿ ಡ್ರೈವರ್ ಪ್ರೋಗ್ರಾಂ ಮಾಡೋ ಕೈ ಮಷೀನ್ ಬಳಸಿದವ್ರು ಅನುಭವ ಹೇಳಿ

ಫಿಟ್ಟಿಂಗ್ ಕಟ್ಟೋನು:
ಎಲ್ರಿಗೂ ನಮಸ್ಕಾರ. ನಮ್ದು ಫಿಟ್ಟಿಂಗ್ ಜೋಡಿಸೋ ಸಣ್ಣ ಯೂನಿಟ್. ಇಲ್ಲೀವರೆಗೂ ಲ್ಯಾಪ್‌ಟಾಪ್‌ಗೆ ಎನ್‌ಎಫ್‌ಸಿ (ಹತ್ರ ಹಿಡಿದ್ರೆ ತಂತಿ ಇಲ್ದೆ ಓದಿ ಬರೆಯೋದು) ರೀಡರ್ ಹಾಕ್ಕೊಂಡು ಟೇಬಲ್ ಮೇಲೇ ಡ್ರೈವರ್‌ದು, ಅಂದ್ರೆ ಎಲ್‌ಇಡಿಗೆ ಕರೆಂಟ್ ಕೊಡೋ ಡಬ್ಬಿದು, ಕರೆಂಟ್ ಸೆಟ್ ಮಾಡ್ತಿದ್ವಿ. ಈಗ ಅದೇ ಡ್ರೈವರ್ ಒಬ್ರಿಗೆ 350 ಮಿಲಿಆಂಪ್ ಬೇಕು, ಇನ್ನೊಬ್ರಿಗೆ 700 ಬೇಕು, ಎಲ್ಲಾ ಮುಚ್ಚಿ ಸ್ಕ್ರೂ ಹಾಕಿದ್ಮೇಲೆ ಬದಲಾಯ್ಸಿ ಕೊಡಿ ಅನ್ನೋರೂ ಇದಾರೆ. ಬ್ಯಾಟರಿದು ಕೈ ಪ್ರೋಗ್ರಾಮರ್ ತಗೊಳ್ಳೋದಾ? ಅಲ್ಯೂಮಿನಿಯಂ ಬಾಡಿ ಹೊರಗಿಂದ ಬರೆಯೋಕಾಗುತ್ತಾ?

ಏಣಿ ಮೇಲೆ:
ಕಣ್ಣುಮುಚ್ಚಿ ತಗೊಳ್ಳಿ ಸರ್. ನಮ್ದು ಗೋಡೌನ್ ಕೆಲ್ಸ, ಹೈಬೇ (ಎತ್ತರದ ಛಾವಣಿಗೆ ಹಾಕೋ ಲೈಟು) ಎಲ್ಲಾ ಮೇಲೇರಿಸಿ ಆದ್ಮೇಲೆ ಗಿರಾಕಿ ಲಕ್ಸ್ ಮೀಟರ್ ಹಿಡ್ಕೊಂಡು ಬಂದು ಬೆಳಕು ಜಾಸ್ತಿ ಆಯ್ತು, ಕಣ್ಣಿಗೆ ಹೊಡೀತಿದೆ ಅಂದ್ರು. ಹಳೇ ಕ್ರಮದಲ್ಲಾದ್ರೆ ಒಂದೊಂದನ್ನೂ ಇಳಿಸಿ ಡ್ರೈವರ್ ಬಿಚ್ಚಿ ಟೇಬಲ್‌ಗೆ ತಂದು ಬರೆದು ಮತ್ತೆ ಏರಿಸ್ಬೇಕಿತ್ತು, ಲಿಫ್ಟ್ ಬಾಡಿಗೆ ಬೇರೆ, ಕೆಳಗೆ ಜೋಡ್ಸಿರೋ ಮಾಲು ಸರಿಸೋಕೆ ಆಳುಗಳು ಬೇರೆ, ಅವ್ರ ಕೆಲ್ಸ ನಿಂತಿದ್ದಕ್ಕೆ ನಮ್ಮ ಬಿಲ್ಲಲ್ಲೇ ಕಡಿತ ಬೇರೆ. ಕೈ ಮಷೀನ್ ಇದ್ದಿದ್ರಿಂದ ಒಂದು ಡ್ರೈವರ್‌ಗೆ ಬರೆದು ಅದ್ರ ಸೆಟ್ಟಿಂಗ್ ಓದ್ಕೊಂಡು ಮಿಕ್ಕಿದ್ದಕ್ಕೆಲ್ಲಾ ಮೇಲೇ ಕಾಪಿ ಮಾಡ್ತಾ ಹೋದ್ವಿ. ಸಪ್ಲೈ ಕೂಡ ಆಫ್ ಮಾಡ್ಲಿಲ್ಲ, ಹಿಡಿದ್ರೆ ಬೀಪ್, ಮುಗೀತು.

ಏಳೂಕಾಲು ಕಿಲೋಓಮ್:
ಇಷ್ಟಕ್ಕೆಲ್ಲಾ ಮಷೀನ್ ಯಾಕೆ ಅಂತ. ಎಲ್‌ಇಡಿಸೆಟ್ ಟರ್ಮಿನಲ್ (ರೆಸಿಸ್ಟರ್ ಸಿಕ್ಕಿಸಿ ಕರೆಂಟ್ ಸೆಟ್ ಮಾಡೋ ಜಾಗ) ಇರೋ ಡ್ರೈವರ್ ತಗೊಳ್ಳಿ, 5 ವೋಲ್ಟನ್ನ ರೆಸಿಸ್ಟರ್‌ನಿಂದ ಭಾಗಿಸಿ 1000ದಿಂದ ಗುಣಿಸಿದ್ರೆ ಕರೆಂಟ್ ಬಂತು. 7.15 ಕಿಲೋಓಮ್ ಹಾಕಿ, 699 ಮಿಲಿಆಂಪ್. ಬ್ಯಾಟರಿ ಬೇಡ, ಸಾಫ್ಟ್‌ವೇರ್ ಬೇಡ, ಪಾಸ್‌ವರ್ಡ್ ಬೇಡ. ನಾನು ಎನ್‌ಎಫ್‌ಸಿ ಡ್ರೈವರ್ ತಗೊಂಡು ಅನುಭವಿಸಿದ್ದು ಇನ್ನೂ ಉರೀತಿದೆ. ಸಪ್ಲೈಯರ್ ಪಾಸ್‌ವರ್ಡ್ ಹಾಕಿ ಲಾಕ್ ಮಾಡಿ ಕಳ್ಸಿದ್ದ, ನಮ್ಮ ಮಷೀನ್ ಓದುತ್ತೆ, ಬರೆಯೋಕೆ ಹೋದ್ರೆ ಎರರ್. ಫೋನ್ ಮಾಡಿದ್ರೆ ನಾಳೆ ಕೊಡ್ತೀನಿ, ನಾಡಿದ್ದು ಕೊಡ್ತೀನಿ. ಅಷ್ಟರಲ್ಲಿ ಆರ್ಡರ್ ಬೇರೆಯವ್ರ ಪಾಲಾಯ್ತು. ಆ ಡಬ್ಬ ಈಗ್ಲೂ ಗೋಡೌನಲ್ಲಿ ಇದೆ, 250ಕ್ಕೆ ಲಾಕ್ ಆಗಿರೋ ಡ್ರೈವರ್ ಯಾರಿಗೆ ಮಾರ್ಲಿ.

ಲೈನ್ ಕ್ಯೂಸಿ:
ರೆಸಿಸ್ಟರ್ ಅಣ್ಣ, ವೈಬ್ರೇಶನ್ ಇರೋ ಜಾಗದಲ್ಲಿ ನಿಮ್ಮ ಪುಶ್ ಟರ್ಮಿನಲ್ಲಿಂದ ಕಾಲು ಸಡಿಲ ಆಗಿ ಈಚೆ ಬಂದಿದ್ದನ್ನ ನಾವು ಎಷ್ಟು ನೋಡಿದೀವಿ. ಫಿಟ್ಟಿಂಗ್ ಮಂಕಾಯ್ತು ಅಂತ ಕಂಪ್ಲೇಂಟ್, ಬಿಚ್ಚಿ ನೋಡಿದ್ರೆ ರೆಸಿಸ್ಟರ್ ಬಾಡಿ ಒಳಗೆ ಉರುಳಾಡ್ತಿರುತ್ತೆ.

ಇನ್ನು ಏಣಿ ಮೇಲೆ ಅವ್ರೇ, ಸಪ್ಲೈ ಆಫ್ ಮಾಡ್ದೆ ಬರೆದ್ವಿ ಅಂತ ಹೆಮ್ಮೆಯಿಂದ ಬರೀಬೇಡಿ ದಯವಿಟ್ಟು. ಎನ್‌ಎಫ್‌ಸಿ ಇರೋದೇ ಡ್ರೈವರ್‌ಗೆ ಕರೆಂಟ್ ಇಲ್ದೆ ಬರೆಯೋಕೆ, 13.56 ಮೆಗಾಹರ್ಟ್ಸ್ ಫೀಲ್ಡಿಂದ್ಲೇ ಒಳಗಿನ ಚಿಪ್ ಎದ್ದೇಳುತ್ತೆ. ಎಷ್ಟೋ ಡ್ರೈವರ್‌ಗಳು ಹೊಸ ಬೆಲೆನ ಮುಂದಿನ ಸಲ ಪವರ್ ಕೊಟ್ಟಾಗ್ಲೇ ಓದೋದು. ಬೀಪ್ ಬಂತು ಅಂದ್ರೆ ಮೆಮೊರಿಗೆ ಬರೆದಿದೆ ಅಂತ ಅಷ್ಟೇ, ಔಟ್‌ಪುಟ್ ಬದಲಾಯ್ತು ಅಂತಲ್ಲ. ಮೈನ್ಸ್ ಇರೋ ಡ್ರೈವರ್ ಪಕ್ಕ ಲಿಫ್ಟ್ ಮೇಲೆ ನಿಂತು ಕೈ ಹಾಕೋದು ಬೇರೆ.

ಏಣಿ ಮೇಲೆ:
ಟೇಬಲ್ ಮುಂದೆ ಕೂತು ಬುದ್ಧಿ ಹೇಳೋದು ಸುಲಭ. ನಮ್ಮ ಡ್ರೈವರ್ ತಗೊಂಡಿತ್ತು, ಸಾಯಂಕಾಲ ಮೇನ್ ಆಫ್ ಮಾಡಿ ಆನ್ ಮಾಡಿದಾಗ ಎಲ್ಲಾ ಸರಿ ಬಂತು. ಗಿರಾಕಿ ಸಹಿ ಹಾಕಿದಾರೆ.

ಲೈನ್ ಕ್ಯೂಸಿ:
ಆಫ್ ಮಾಡಿ ಆನ್ ಮಾಡಿದಾಗ ಅಂತ ನೀವೇ ಬರೆದ್ರಲ್ಲ, ನಾನು ಹೇಳಿದ್ದೂ ಅದೇ. ಗಿರಾಕಿ ಸಹಿ ಡೇಟಾಶೀಟ್ ಅಲ್ಲ.

ನಮ್ಮ ಕಡೆದು ಹೇಳ್ತೀನಿ. ಫಿಟ್ಟಿಂಗ್ ಜೋಡಿಸೋ ಲೈನಲ್ಲಿ ಕೈ ಮಷೀನ್ ಕೊಟ್ರೆ ಸಂಜೆ ಹೊತ್ತಿಗೆ ಹುಡುಗ್ರ ಕೈ ಸೋತು ಆಂಟೆನಾ ಗುರ್ತು ಬಿಟ್ಟು ಎಲ್ಲೋ ಹಿಡೀತಾರೆ. ಅದಕ್ಕಿಂತ ದೊಡ್ಡ ತೊಂದ್ರೆ ಪ್ರೊಫೈಲ್ ಬದಲಾಯ್ಸೋದು ಮರೆಯೋದು. ಹಿಂದಿನ ಆರ್ಡರ್‌ದು ಮಷೀನಲ್ಲೇ ಕೂತಿರುತ್ತೆ, ಬೀಪ್ ಒಂದೇ ಥರ. 40 ವ್ಯಾಟ್ ಡ್ರೈವರ್, 48 ವೋಲ್ಟಿನ ಎಲ್‌ಇಡಿ ಬೋರ್ಡು, ಅದಕ್ಕೆ 1050 ಬರೆದ್ರೆ 50 ವ್ಯಾಟ್ ದಾಟುತ್ತೆ. ಆ ಡ್ರೈವರ್ 1050ರಲ್ಲಿ ಎಳೆಯೋದು 38 ವೋಲ್ಟ್ ತನಕ ಮಾತ್ರ. ಈ ಗಲಾಟೆ ಆದ್ಮೇಲೆ ನಮ್ಮಲ್ಲಿ ಬರೆದಿದ್ದನ್ನ ಇನ್ನೊಬ್ರು ವಾಪಸ್ ಓದಿ ಲೇಬಲ್ ಜೊತೆ ತಾಳೆ ನೋಡ್ದೆ ಡಬ್ಬಕ್ಕೆ ಹಾಕಂಗಿಲ್ಲ.

ಮಂಕು ಸಾಲು:
ಕರೆಂಟೊಂದೇ ಅಲ್ಲ ಸ್ವಾಮಿ, ಕಾಪಿ ಮಾಡೋವಾಗ ಸಿಎಲ್‌ಒ (ಬೋರ್ಡ್ ಹಳೇದಾದಂಗೆ ಕರೆಂಟ್ ಏರಿಸ್ತಾ ಬೆಳಕು ಒಂದೇ ಸಮ ಇಡೋ ಸೆಟ್ಟಿಂಗ್) ಕೂಡ ಬರುತ್ತೆ ಅನ್ನೋದು ಯಾರಿಗೂ ನೆನಪಿರಲ್ಲ. ನಮ್ಮ ಕಾರಿಡಾರಲ್ಲಿ ಡ್ರೈವರ್ ಸುಟ್ಟೋಯ್ತು ಅಂತ ಮೇಂಟೆನೆನ್ಸ್ ಕಂಟ್ರ್ಯಾಕ್ಟರ್ ಪಕ್ಕದ್ದನ್ನ ಓದಿ ಹೊಸದಕ್ಕೆ ಕಾಪಿ ಹೊಡೆದು ಹೋದ. ಹಳೇ ಬೋರ್ಡು ವರ್ಷಗಟ್ಟಲೆ ಉರಿದಿದೆ, ಹೊಸ ಡ್ರೈವರ್ ಗಂಟೆ ಲೆಕ್ಕ ಸೊನ್ನೆಯಿಂದ ಶುರು, ಅದು ಹೊಸ ಬೋರ್ಡು ಅಂದ್ಕೊಂಡು 80 ಪರ್ಸೆಂಟಲ್ಲೇ ಓಡಿಸ್ತಿದೆ. ಸಾಲಿನ ಮಧ್ಯ ಮಂಕಾಗಿ ಎದ್ದು ಕಾಣುತ್ತೆ. ಮೊದ್ಲು ಬೋರ್ಡ್ ಕೆಟ್ಟಿದೆ ಅಂತ ಬೋರ್ಡ್ ಬದಲಾಯ್ಸಿದ್ರು, ಅದು ಬೇರೆ ಬಣ್ಣದ ಬಿನ್, ಬಿಳುಪೇ ಬೇರೆ ಆಯ್ತು. ಆಮೇಲೆ ವೈರ್ ಬದಲಾಯ್ಸಿದ್ರು. ಎಲ್ಲದಕ್ಕೂ ಬಿಲ್ಲು. ಕೊನೆಗೆ ನಾನೇ ಮಷೀನ್ ತರ್ಸಿ ಓದಿದಾಗ ಸಿಎಲ್‌ಒ ಆನ್ ಅಂತ ಇತ್ತು, ಆಫ್ ಮಾಡಿ ಕರೆಂಟ್ ಫಿಕ್ಸ್ ಮಾಡಿದೆ, ಸರಿಹೋಯ್ತು.

ಏಳೂಕಾಲು ಕಿಲೋಓಮ್:
ನೋಡಿ, ರೆಸಿಸ್ಟರ್ ಇದ್ದಿದ್ರೆ ಈ ಕಥೆನೇ ಇಲ್ಲ.

ಮಂಕು ಸಾಲು:
ರೆಸಿಸ್ಟರಲ್ಲಿ ಸಿಎಲ್‌ಒ ಮಾಡಿ ತೋರ್ಸಿ ನೋಡೋಣ. ಬೋರ್ಡ್ ಹಳೇದಾದ್ರೂ ಬೆಳಕು ಕುಗ್ಗಬಾರ್ದು ಅಂತ ನಮಗೆ ಬೇಕಿತ್ತು, ತಪ್ಪು ಕಾಪಿ ಹೊಡ್ದವನ್ದು, ಫೀಚರ್‌ದಲ್ಲ.

ಡಾಲಿ ಬಸ್:
ಎಲ್ರೂ ಡಾಲಿ, ಅಂದ್ರೆ ತಂತಿ ಮೂಲಕ ಡಿಜಿಟಲ್ ಆದೇಶ ಕಳ್ಸಿ ಲೈಟ್ ನಿಯಂತ್ರಿಸೋ ಪದ್ಧತಿ, ಮರೆತ್ರಾ? ಎರಡು ತಂತಿ, 64 ವಿಳಾಸ, 16 ಗ್ರೂಪ್, ಏಣಿನೇ ಬೇಡ, ಕೂತಲ್ಲಿಂದ್ಲೇ ಡಿಮ್ ಮಾಡ್ಬೋದು.

ಲೈನ್ ಕ್ಯೂಸಿ:
ಡಿಮ್ ಮಾಡೋದೇ ಬೇರೆ, ಗರಿಷ್ಠ ಕರೆಂಟ್ ಕಟ್ಟಿಹಾಕೋದೇ ಬೇರೆ. ಡಾಲಿಗೆ ಬಸ್ ಎಳೀಬೇಕು, ಬಸ್ ಸಪ್ಲೈ ಬೇಕು, ಮೈನ್ಸ್ ಆನ್ ಇರ್ಬೇಕು. ಅವ್ರು ಡಬ್ಬದಲ್ಲಿರೋ ಡ್ರೈವರ್ ಬಗ್ಗೆ ಕೇಳ್ತಿದಾರೆ.

ಫಿಟ್ಟಿಂಗ್ ಕಟ್ಟೋನು:
ಅಲ್ಯೂಮಿನಿಯಂ ಬಾಡಿ ವಿಷ್ಯ ಇನ್ನೂ ಯಾರೂ ಹೇಳ್ಲಿಲ್ಲ…

ಲೈನ್ ಕ್ಯೂಸಿ:
ಮುಚ್ಚಿದ ಲೋಹದ ಬಾಡಿ ಮೂಲಕ ಆಗಲ್ಲ. ಫೀಲ್ಡ್ ಒಳಗೇ ಹೋಗಲ್ಲ, ಯಾವ ಮಷೀನ್ ತಂದ್ರೂ ಅಷ್ಟೇ. ಪ್ಲಾಸ್ಟಿಕ್ ಕವರ್ ಆದ್ರೆ ಡ್ರೈವರ್ ಅದಕ್ಕೆ ಅಂಟ್ಕೊಂಡಂಗಿದ್ರೆ ಆಗುತ್ತೆ, ಒಂದೆರಡು ಸೆಂಟಿಮೀಟರ್ ದೂರ ಹೋದ್ರೂ ಕಷ್ಟ. ಡ್ರೈವರ್ ಮೇಲಿನ ಆಂಟೆನಾ ಗುರ್ತು ಸರ್ವಿಸ್ ಮುಚ್ಚಳದ ಕಡೆ ಬರೋ ಹಾಗೆ ಫಿಟ್ ಮಾಡ್ಸಿ, ಆಗ ಮುಚ್ಚಳ ಒಂದು ತೆಗೆದ್ರೆ ಸಾಕು. ಮತ್ತೆ ನೀವು ತಗೊಳ್ಳೋ ಮಷೀನ್ ನಿಮ್ಮ ಬ್ರ್ಯಾಂಡ್ ಡ್ರೈವರ್‌ಗೆ ಬರೆಯುತ್ತಾ ಅಂತ ನಿಮ್ಮದೇ ಡ್ರೈವರ್ ಮೇಲೆ ಬರೆಸಿ, ಮೀಟರ್ ಹಿಡಿದು ನೋಡಿ, ಆಮೇಲೆ ದುಡ್ಡು ಕೊಡಿ.

ಏಣಿ ಮೇಲೆ:
ನಮ್ಮ ಹೈಬೇಲಿ ಡ್ರೈವರ್ ಬಾಡಿ ಹೊರಗೇ ಇತ್ತು, ಅದಕ್ಕೇ ಆಯ್ತು. ಸಪ್ಲೈ ವಿಷ್ಯದಲ್ಲಿ ಮಾತ್ರ ನಾನು ಹೇಳಿದ್ದು ಹೇಳಿದ್ದೇ.