ಬಯಲಲ್ಲಿ ಹ್ಯಾಮ್ ಕಾಂಟೆಸ್ಟ್: ನಿಮಗೆ ಎಲ್ಲಿ ಕೈಕೊಟ್ಟಿತು?

ಪ್ರಶ್ನೆ: ನಾವು ನಾಲ್ಕು ಜನ ಮೊದಲ ಸಲ ಹವ್ಯಾಸಿ ರೇಡಿಯೊದಲ್ಲಿ ಆದಷ್ಟು ಹೆಚ್ಚು ಜನರನ್ನು ಸಂಪರ್ಕಿಸುವ 24 ಗಂಟೆಯ ಹ್ಯಾಮ್ ಕಾಂಟೆಸ್ಟ್‌ಗೆ ಬಯಲಲ್ಲಿ ಟೆಂಟ್ ಹಾಕಿ ಕೂರುವವರಿದ್ದೇವೆ. 100 ವ್ಯಾಟ್‌ನ ಎರಡು ರಿಗ್ (ಕಳಿಸುವ, ಕೇಳುವ ರೇಡಿಯೊ ಸೆಟ್), ಬ್ಯಾಟರಿ, ಮಧ್ಯದಿಂದ ಎರಡೂ ಕಡೆಗೆ ಚಾಚುವ ಆಂಟೆನಾಗಳಾದ ತಂತಿ ಡೈಪೋಲ್‌ಗಳಿವೆ. ಮಾಡಿ ನೋಡಿದವರು ಹೇಳಿ, ಎಲ್ಲಿ ಎಡವುತ್ತೇವೆ?

ಉತ್ತರ 1: ಬ್ಯಾಟರಿ ವೈರಿನಲ್ಲಿ! ನಮ್ಮ ಬ್ಯಾಟರಿ ತುಂಬಿತ್ತು, ಮೀಟರ್ ಇಟ್ಟರೆ 13 ವೋಲ್ಟ್. ಕೇಳುವಾಗ ಎಲ್ಲ ಸರಿ, ಮಾತು ಶುರು ಮಾಡಿದ ತಕ್ಷಣ ರಿಗ್ ಆಫ್. ಒಂದು ಗಂಟೆ ಸುಮ್ನೆ ಆಂಟೆನಾ ಬೈದುಕೊಂಡು ಕೂತೆವು. ಬ್ಯಾಟರಿ ಟೆಂಟಿನ ಹೊರಗೆ, 5 ಮೀಟರ್ ದೂರದಲ್ಲಿತ್ತು. ವೈರ್ 2.5 ಚದರ ಮಿಲಿಮೀಟರ್‌ದು. ಪೂರ್ತಿ ಪವರ್ ಬಿಡುವಾಗ ರಿಗ್ ಸುಮಾರು 20 ಆಂಪಿಯರ್ ಎಳೆಯುತ್ತದೆ. ಹೋಗಿ ಬರುವ 10 ಮೀಟರ್ ವೈರಲ್ಲೇ ಹತ್ತಿರ ಹತ್ತಿರ 1.4 ವೋಲ್ಟ್ ಮಾಯ. ರಿಗ್‌ಗೆ ಸಿಕ್ಕಿದ್ದು 11.6. ಅದರ ಪುಸ್ತಕದಲ್ಲಿ 13.8 ವೋಲ್ಟ್, ಹೆಚ್ಚುಕಮ್ಮಿ ಶೇ. 15 ಅಂತ ಬರೆದಿತ್ತು. ಅಂದರೆ 11.7ಕ್ಕೇ ಗಡಿ ಮುಗಿಯಿತು. ಬ್ಯಾಟರಿ ತಂದು ಮೇಜಿನ ಕೆಳಗೆ ಇಟ್ಟೆವು, ಸರಿಹೋಯಿತು. ದಪ್ಪ ವೈರ್ ಹಾಕಿ, ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ.

ಉತ್ತರ 2: ಎರಡು ರಿಗ್ ಅಂದ್ರಲ್ಲ, ನನಗೆ ಅದೇ ಜಾಸ್ತಿ ತಲೆನೋವಾಗಿದ್ದು. ಒಬ್ಬರು 40 ಮೀಟರ್ ತರಂಗದ ಬ್ಯಾಂಡಲ್ಲಿ (7 ಮೆಗಾಹರ್ಟ್ಸ್) ಮೈಕ್ ಒತ್ತಿದರೆ ಪಕ್ಕದವರ 20 ಮೀಟರಲ್ಲಿ (14 ಮೆಗಾಹರ್ಟ್ಸ್) ಬರೀ ಕರಕರ. 7ರ ಎರಡರಷ್ಟು 14 ಅಲ್ವಾ, ಹಾರ್ಮೋನಿಕ್ (ಮೂಲ ಆವರ್ತನದ ಎರಡು, ಮೂರು ಪಟ್ಟಿನಲ್ಲಿ ಹುಟ್ಟುವ ಬೇಡದ ಸಿಗ್ನಲ್) ಅಲ್ಲಿಗೇ ಬೀಳುತ್ತದೆ. ಎರಡೂ ಡೈಪೋಲ್‌ಗಳನ್ನು ಅಕ್ಕಪಕ್ಕ ಕಟ್ಟಬೇಡಿ. ಒಂದರ ತುದಿ ಇನ್ನೊಂದರ ತುದಿಯನ್ನು ನೋಡುವಂತೆ ಒಂದೇ ಸಾಲಲ್ಲಿ, ಜಾಗ ಇದ್ದಷ್ಟು ದೂರ ಕಟ್ಟಿ. ತುದಿಯ ಕಡೆಗೆ ಡೈಪೋಲ್‌ನ ಕಿವಿಯೂ ಬಾಯಿಯೂ ಮಂದ. ಜೊತೆಗೆ ಎರಡೂ ರಿಗ್‌ಗೆ ಬ್ಯಾಂಡ್‌ಪಾಸ್ ಫಿಲ್ಟರ್ (ತನ್ನ ಬ್ಯಾಂಡನ್ನು ಹಾದುಹೋಗಲು ಬಿಟ್ಟು, ಉಳಿದದ್ದನ್ನು ತಡೆಯುವಂಥದ್ದು). ನಾವು ಆಂಟೆನಾ ತಿರುಗಿಸಿ ಕಟ್ಟಿದ್ದಕ್ಕೇ ಅರ್ಧ ಗಲಾಟೆ ಅಡಗಿತು, ಪೂರ್ತಿ ಹೋಗಿದ್ದು ಫಿಲ್ಟರ್ ಬಂದ ಮೇಲೆ.

ಉತ್ತರ 3: ಅವರಿಬ್ಬರೂ ದೊಡ್ಡದು ಹೇಳಿದರು, ನಾನು ಸಣ್ಣದು. ಯಾರ ಜೊತೆ ಯಾವಾಗ ಮಾತಾಡಿದೆವು ಎಂಬ ಲಾಗ್ ಬರೆಯುವ ಎರಡೂ ಲ್ಯಾಪ್‌ಟಾಪ್‌ಗಳ ಗಡಿಯಾರ ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕೆ) ಹೊಂದಿಸಿಕೊಳ್ಳಿ. ಮಾಸ್ಟ್‌ನ (ಆಂಟೆನಾ ಎತ್ತಿ ಕಟ್ಟುವ ಕಂಬದ) ಹಗ್ಗಗಳಿಗೆ ಬಿಳಿ ಬಟ್ಟೆ ಕಟ್ಟಿ. ರಾತ್ರಿ ಎರಡಕ್ಕೆ ಟೀ ಲೋಟ ಹಿಡಿದು ಬಂದ ನಾನು ಹಗ್ಗಕ್ಕೆ ಎಡವಿದೆ, ಟೀಯನ್ನೆಲ್ಲ ಕೀಬೋರ್ಡ್ ಕುಡಿಯಿತು. ಇನ್ನು ಮಾಸ್ಟ್ ಯಾವ ಕಡೆ ಬಿದ್ದರೂ ಕರೆಂಟ್ ತಂತಿಗೆ ತಾಗಬಾರದು, ಅಂಥ ಜಾಗ ಆರಿಸಿ. ಗುಡುಗು ಕೇಳುವ ಮೊದಲೇ, ಮೋಡ ಕಟ್ಟುವಾಗಲೇ ಆಂಟೆನಾ ಕೇಬಲ್ ಬಿಚ್ಚಿ ಟೆಂಟಿನ ಹೊರಗೆ ಹಾಕಿ. ಗುಡುಗು ಕೇಳಿಸಿತೋ, ಯಾವುದನ್ನೂ ಮುಟ್ಟದೆ ಎಲ್ಲರೂ ಕಾರೊಳಗೆ ಹೋಗಿ ಕೂತುಬಿಡಿ.