ಡೆಕ್‌ನ ಬಲವನ್ನು ಗೆಲುವಿನ ಲೆಕ್ಕದಿಂದಲೇ ಅಳೆಯಬಹುದೇ?

ಪ್ರಶ್ನೆ (ಕದ್ರಿ, ಮಂಗಳೂರು):
ಪೋಕೆಮಾನ್ ಕಾರ್ಡ್ ಆಟಕ್ಕೆ ನಾನು ಎರಡು ಡೆಕ್ (60 ಕಾರ್ಡ್‌ಗಳ ಕಟ್ಟು) ಕಟ್ಟಿದ್ದೇನೆ. ಒಂದು ಚಾರಿಜಾರ್ಡ್ ಎಕ್ಸ್ ಡೆಕ್ (ಎಕ್ಸ್ ಎಂದರೆ ಹೆಚ್ಚು ಬಲದ ಕಾರ್ಡ್). ಇನ್ನೊಂದರಲ್ಲಿ ಎಕ್ಸ್ ಕಾರ್ಡ್‌ಗಳೇ ಇಲ್ಲ, ಇರುವುದೆಲ್ಲ ಒಂದು ಬಿದ್ದರೆ ಒಂದೇ ಪ್ರೈಜ್ ಬಿಟ್ಟುಕೊಡುವ ಪೋಕೆಮಾನ್‌ಗಳು. (ಪ್ರೈಜ್ ಎಂದರೆ ಆರಂಭದಲ್ಲಿ ತಮ್ಮ ಡೆಕ್‌ನಿಂದ ಮುಚ್ಚಿಡುವ 6 ಕಾರ್ಡ್. ಎದುರಾಳಿಯ ಪೋಕೆಮಾನ್ ಬೀಳಿಸಿದಾಗ ಇವನ್ನು ಎತ್ತಿಕೊಳ್ಳಬೇಕು, ಮೊದಲು ಎಲ್ಲವನ್ನೂ ಎತ್ತಿದವರು ಗೆಲ್ಲುತ್ತಾರೆ.) ಮನೆಯಲ್ಲಿ ಗೆಳೆಯರ ಎದುರು ಚಾರಿಜಾರ್ಡ್ ಹೆಚ್ಚು ಗೆಲ್ಲುತ್ತದೆ. ಆದರೆ ಭಾನುವಾರ ಮಣಿಪಾಲದಲ್ಲಿ ಸೇರುವವರೊಡನೆ ಆಡಿದಾಗ ಅದೇ ಡೆಕ್ ಆರಂಭದಲ್ಲೇ ತಡವರಿಸುತ್ತದೆ. ಸ್ಪರ್ಧೆಗೆ ಯಾವುದನ್ನು ಒಯ್ಯುವುದು ಎಂದು ತೀರ್ಮಾನಿಸಲು ಗೆಲುವಿನ ಶೇಕಡಾವಾರು ಸಾಕೇ?

ಉತ್ತರ (ಮಣಿಪಾಲ):
ಸಾಲದು. ಎರಡೂ ಕಡೆ ಸಮಬಲವಿದ್ದರೂ 20 ಆಟಗಳಲ್ಲಿ 12 ಅಥವಾ ಅದಕ್ಕಿಂತ ಹೆಚ್ಚು ಗೆಲ್ಲುವ ಸಾಧ್ಯತೆ ಸುಮಾರು ಶೇ. 25ರಷ್ಟಿದೆ, ಆದ್ದರಿಂದ ಅಷ್ಟು ಆಟಗಳಿಂದ ಬಂದ ಶೇ. 60ರ ಗೆಲುವನ್ನು ನಂಬಿ ಡೆಕ್ ಆರಿಸುವುದು ಸರಿಯಲ್ಲ. ಗೆದ್ದಿರೋ ಸೋತಿರೋ ಎಂಬುದಕ್ಕಿಂತ, ಸೋತಾಗ ಏಕೆ ಸೋತಿರಿ ಎಂಬುದನ್ನು ಆಟ ಮುಗಿದ ಕೂಡಲೇ ಒಂದು ಸಾಲಿನಲ್ಲಿ ಬರೆದಿಡಿ: ಕೈಗೆ ಕಾರ್ಡ್ ಬರಲಿಲ್ಲವೇ, ಪ್ರೈಜ್ ಲೆಕ್ಕದಲ್ಲಿ ಹಿಂದೆ ಬಿದ್ದಿರೇ, ಅಥವಾ ಆ ಎದುರಾಳಿ ಡೆಕ್‌ಗೆ ನಿಮ್ಮಲ್ಲಿ ಉತ್ತರವೇ ಇಲ್ಲವೇ? ಮೂರಕ್ಕೂ ಪರಿಹಾರ ಬೇರೆ ಬೇರೆ.

ನಿಮ್ಮ ತೊಂದರೆ ಮೊದಲನೆಯದೆಂದು ತೋರುತ್ತದೆ. ಚಾರ್ಮ್ಯಾಂಡರ್ ಚಾರಿಜಾರ್ಡ್‌ನ ಮೊದಲ ರೂಪ, ನಡುವಿನ ರೂಪ ಬಿಟ್ಟು ಅದನ್ನು ನೇರ ಚಾರಿಜಾರ್ಡ್ ಆಗಿಸುವ ಕಾರ್ಡ್ ರೇರ್ ಕ್ಯಾಂಡಿ. ಈ ಕ್ಯಾಂಡಿಯನ್ನು ಮೊದಲ ಸರದಿಯಲ್ಲಾಗಲಿ, ಆಗಷ್ಟೇ ಇಳಿಸಿದ ಚಾರ್ಮ್ಯಾಂಡರ್ ಮೇಲಾಗಲಿ ಬಳಸುವಂತಿಲ್ಲ. ಹಾಗಾಗಿ ಮೊದಲ ಸರದಿಯಲ್ಲಿ ಚಾರ್ಮ್ಯಾಂಡರ್ ಮೇಜಿನ ಮೇಲಿರಬೇಕು, ಎರಡನೆಯದರಲ್ಲಿ ಕ್ಯಾಂಡಿ ಮತ್ತು ಚಾರಿಜಾರ್ಡ್ ಎರಡೂ ಕೈಯಲ್ಲಿರಬೇಕು. 60 ಕಾರ್ಡ್‌ಗಳಲ್ಲಿ ಒಂದರ 4 ಪ್ರತಿ ಹಾಕಿದರೂ ಮೊದಲ 7ರಲ್ಲಿ ಅದು ಬರುವ ಸಾಧ್ಯತೆ ಶೇ. 40 ಮಾತ್ರ. ಬೇಸಿಕ್ ಪೋಕೆಮಾನ್ (ಕೈಯಿಂದ ನೇರವಾಗಿ ಇಳಿಸಬಹುದಾದವು) 8 ಮಾತ್ರ ಇದ್ದರೆ ಸುಮಾರು ಶೇ. 35 ಸಲ ಮೊದಲ ಕೈಯಲ್ಲಿ ಒಂದೂ ಇರುವುದಿಲ್ಲ. ಕೈ ತೋರಿಸಿ ಮತ್ತೆ ಕಲಸಬೇಕು, ಎದುರಾಳಿ ಬೇಕೆಂದರೆ ಒಂದು ಕಾರ್ಡ್ ಹೆಚ್ಚು ಎಳೆಯುತ್ತಾನೆ. ಬೇಸಿಕ್‌ಗಳನ್ನು 12ಕ್ಕೆ ಏರಿಸಿದರೆ ಅದು ಶೇ. 19ಕ್ಕೆ ಇಳಿಯುತ್ತದೆ. ಇದನ್ನು ಪರೀಕ್ಷಿಸಲು ಎದುರಾಳಿ ಬೇಕಾಗಿಲ್ಲ: ಒಬ್ಬರೇ ಕುಳಿತು 7 ಎಳೆದು, 6 ಪ್ರೈಜ್ ಇಟ್ಟು, ಎರಡು ಸರದಿ ಮಾತ್ರ ಆಡಿ, ಚಾರಿಜಾರ್ಡ್ ಎದ್ದಿತೇ ಇಲ್ಲವೇ ಎಂದು ಗುರುತು ಹಾಕಿ. ಒಂದು ಸಂಜೆಗೆ ಇಂಥ ಹತ್ತಾರು ಪರೀಕ್ಷೆ ಮಾಡಬಹುದು, ಪೂರ್ಣ ಆಟಗಳನ್ನು ಅಷ್ಟು ಆಡಲಾಗದು.

ಉತ್ತರ (ಉಡುಪಿ):
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಪ್ರೈಜ್ ಲೆಕ್ಕಕ್ಕೂ ಅಷ್ಟೇ ಗಮನ ಬೇಕು. ಎಕ್ಸ್ ಬಿದ್ದರೆ ಎದುರಾಳಿಗೆ 2 ಪ್ರೈಜ್, ಅಂದರೆ ಮೂರು ಎಕ್ಸ್ ಬಿದ್ದರೆ ಆಟ ಮುಗಿಯಿತು. ನಿಮ್ಮ ಎರಡನೆಯ ಡೆಕ್‌ನಲ್ಲಿ ಆರು ಬೀಳಬೇಕು. ಚಾರಿಜಾರ್ಡ್‌ನ ದಾಳಿ ಮಾಡುವ ಹಾನಿ 180ರಿಂದ ಆರಂಭವಾಗಿ ಎದುರಾಳಿ ತೆಗೆದ ಪ್ರತಿ ಪ್ರೈಜ್‌ಗೆ 30 ಏರುತ್ತದೆ, ಆದ್ದರಿಂದ ಹಿಂದೆ ಬಿದ್ದಾಗಲೇ ಅದು ಪ್ರಬಲ. ಆದರೆ ಒಂದು ಪ್ರೈಜ್‌ನ ಸಣ್ಣ ಪೋಕೆಮಾನ್‌ಗಳ ಎದುರು ಆ ಏರಿಕೆ ವ್ಯರ್ಥ, 180 ಬಹುತೇಕ ಅಲ್ಲೇ ಸಾಕಾಗಿರುತ್ತದೆ. ಮಣಿಪಾಲದಲ್ಲಿ ಎಂಥ ಡೆಕ್‌ಗಳು ಹೆಚ್ಚು ಬರುತ್ತವೆ ಎಂದು ಪಟ್ಟಿ ಮಾಡಿ, ಅವುಗಳ ಎದುರೇ ಪರೀಕ್ಷಿಸಿ. ಮನೆಯ ಗೆಳೆಯರ ಡೆಕ್‌ಗಳು ಆ ಪಟ್ಟಿಯಲ್ಲಿಲ್ಲದಿದ್ದರೆ ಅಲ್ಲಿನ ಗೆಲುವಿಗೆ ಇಲ್ಲಿ ಬೆಲೆಯಿಲ್ಲ.

ಇನ್ನೊಂದು ವಿಷಯ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಫಾಯಿಲ್ (ಹೊಳೆಯುವ) ಕಾರ್ಡ್‌ಗಳು ಬಾಗುತ್ತವೆ. ಸ್ಲೀವ್ ಎಂಬ ಪ್ಲಾಸ್ಟಿಕ್ ಹೊದಿಕೆಯೊಳಗಿದ್ದರೂ ಕಟ್ಟಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಕಾಣುತ್ತದೆ, ಕಲಸಿದ ಕಟ್ಟನ್ನು ಎರಡು ಪಾಲು ಮಾಡುವಾಗ ಕೈ ಅಲ್ಲಿಗೇ ಹೋಗುತ್ತದೆ. ಪರೀಕ್ಷೆಯ ಲೆಕ್ಕ ಕೆಡುವುದಷ್ಟೇ ಅಲ್ಲ, ಸ್ಪರ್ಧೆಯಲ್ಲಿ ಅದನ್ನು ಗುರುತಾದ ಕಾರ್ಡ್ ಎಂದು ಪರಿಗಣಿಸಬಹುದು. ಸಾಧ್ಯವಿದ್ದಲ್ಲಿ ಸಾದಾ ಪ್ರತಿಗಳನ್ನೇ ಬಳಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ನನ್ನಲ್ಲಿ ಬೇಸಿಕ್‌ಗಳು 8 ಮಾತ್ರ, ಮುಖ್ಯವಾದ ಒಂದು ಕಾರ್ಡ್‌ನ ಪ್ರತಿಯೂ ಒಂದೇ ಇದೆ. ಎರಡನೆಯ ಪ್ರತಿಗೆ ಜಾಗ ಮಾಡುವುದು ಯೋಗ್ಯವೇ?

ಉತ್ತರ (ಮಣಿಪಾಲ):
ಅದಿಲ್ಲದೆ ಆಟ ಸಾಗದಿದ್ದರೆ ಖಂಡಿತ ಯೋಗ್ಯ. ಒಂದೇ ಪ್ರತಿ ಪ್ರೈಜ್‌ಗಳಲ್ಲಿ ಸಿಕ್ಕಿಬೀಳುವ ಸಾಧ್ಯತೆ ಶೇ. 10, ಎರಡಿದ್ದರೆ ಎರಡೂ ಸಿಕ್ಕಿಬೀಳುವುದು ಶೇ. 1ಕ್ಕಿಂತ ಕಡಿಮೆ. ಮೊದಲು ಬೇಸಿಕ್‌ಗಳನ್ನು ಹೆಚ್ಚಿಸಿ, ಆಮೇಲೆ ಇದನ್ನು ಸೇರಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ.