ಒಪ್ಪಿಗೆ ಪತ್ರದಲ್ಲಿ 'ಯಾದೃಚ್ಛಿಕ' ಬದಲು ಏನು ಬರೆಯೋಣ?

ಗೆಳೆಯರೇ, ಒಂದು ಪದಕ್ಕೆ ನಿಮ್ಮ ಸಹಾಯ ಬೇಕು.

ದಾವಣಗೆರೆಯಲ್ಲಿ ಔಷಧ ಸಂಶೋಧನೆಗಳನ್ನು ಪರಿಶೀಲಿಸುವ ಒಂದು ಎಥಿಕ್ಸ್ ಕಮಿಟಿಯಲ್ಲಿ ನಾನು ಸದಸ್ಯ. ಡಾಕ್ಟರಲ್ಲ, ಕನ್ನಡ ಮೇಷ್ಟ್ರು. ಹೊಸ ಔಷಧಗಳ ಪ್ರಯೋಗದ ಬಗ್ಗೆ ಕೇಂದ್ರ ಸರ್ಕಾರ ಮಾಡಿದ 2019ರ ನಿಯಮಗಳ ಪ್ರಕಾರ ಇಂಥ ಕಮಿಟಿಯಲ್ಲಿ ಕನಿಷ್ಠ 7 ಜನ ಇರಬೇಕು, ಅವರಲ್ಲಿ ಒಬ್ಬರು ಜನಸಾಮಾನ್ಯರ ಕಡೆಯವರು. ಸಂಶೋಧನೆಗೆ ಸೇರುವ ರೋಗಿಗಳಿಗೆ ಕೊಡುವ ಒಪ್ಪಿಗೆ ಪತ್ರದ ಕನ್ನಡ ಅರ್ಥವಾಗುತ್ತಾ ಅಂತ ನೋಡುವುದು ನನ್ನ ಪಾಲಿನ ಕೆಲಸ. ಮತ್ತೆ ಮತ್ತೆ ಸಿಗುವ ಸಾಲು ಇದು: 'ನಿಮ್ಮನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಲ್ಲಿ ಒಂದಕ್ಕೆ ನಿಯೋಜಿಸಲಾಗುವುದು.' ಯಾದೃಚ್ಛಿಕ ಅಂದರೆ ಇಂಗ್ಲಿಷಿನ 'ರಾಂಡಮ್', ಯಾರೂ ಬೇಕಂತ ಆರಿಸದೆ ತಾನಾಗಿ ಬಂದದ್ದು.

ಬರೀ ಕಷ್ಟದ ಪದ ಅಂತಾಗಿದ್ದರೆ ಬಿಡಬಹುದಿತ್ತು. ಆದರೆ ರೋಗಿಗೆ ಗೊತ್ತಾಗಲೇಬೇಕಾದ ಸಂಗತಿ ಇರುವುದೇ ಈ ಸಾಲಿನಲ್ಲಿ. ಹೊಸ ಮಾತ್ರೆಯೋ ಹಳೆಯದೋ ಅಂತ ಇಲ್ಲಿ ಡಾಕ್ಟರು ತೀರ್ಮಾನ ಮಾಡುವುದಿಲ್ಲ. ಜಗಳೂರಿನಿಂದ ಬಸ್ಸು ಹತ್ತಿ ಬಂದ ಅಜ್ಜಿ ಮಾತ್ರ 'ಡಾಕ್ಟರು ನನ್ನ ಮೈ ನೋಡಿ ನನಗೆ ಒಗ್ಗೋ ಔಷಧಿನೇ ಬರೆದಿದಾರೆ' ಅಂತಲೇ ನಂಬಿ ಹೆಬ್ಬೆಟ್ಟು ಒತ್ತುತ್ತಾಳೆ. ಓದು ಬಾರದವರಿಗೆ ಸಾಕ್ಷಿಯ ಎದುರು ಪತ್ರವನ್ನು ಓದಿ ಹೇಳಬೇಕು ಅನ್ನುವ ನಿಯಮವೂ ಇದೆ. ಅಂದರೆ ನಮಗೆ ಬೇಕಾದ್ದು ಕಿವಿಗೆ ಬಿದ್ದ ಕೂಡಲೇ ತಿಳಿಯುವ ಮಾತು.

ಡಾಕ್ಟರು ಯಾಕೆ ಆರಿಸಬಾರದು? ಆರಿಸಲು ಬಿಟ್ಟರೆ ಗಟ್ಟಿಮುಟ್ಟಾದವರಿಗೆ ಹೊಸ ಔಷಧ, ಸೋತವರಿಗೆ ಹಳೆಯದು ಹೋಗಬಹುದು, ಅಥವಾ ಇದರ ತಿರುವುಮುರುವು ಆಗಬಹುದು. ಆಮೇಲೆ ಗುಣವಾಗಿದ್ದು ಔಷಧದಿಂದಲೋ ಮೈಯ ಕಸುವಿನಿಂದಲೋ ಹೇಳುವುದು ಹೇಗೆ? 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಕ್ಷಯದ 107 ರೋಗಿಗಳಲ್ಲಿ 55 ಜನಕ್ಕೆ ಔಷಧ ಮತ್ತು ವಿಶ್ರಾಂತಿ, 52 ಜನಕ್ಕೆ ಬರೀ ವಿಶ್ರಾಂತಿ. ಯಾರಿಗೆ ಯಾವುದು ಅನ್ನುವುದು ಮುಚ್ಚಿದ ಲಕೋಟೆಯಲ್ಲಿತ್ತು, ರೋಗಿಯನ್ನು ಸೇರಿಸಿಕೊಂಡ ಮೇಲೆಯೇ ಲಕೋಟೆ ಒಡೆಯುತ್ತಿದ್ದರು. ಬರೀ ವಿಶ್ರಾಂತಿಯ ಗುಂಪಿನವರಿಗೆ ತಾವು ಒಂದು ಅಧ್ಯಯನದಲ್ಲಿ ಇದ್ದೇವೆ ಅನ್ನುವುದನ್ನೇ ಹೇಳಿರಲಿಲ್ಲ. ಈಗ ಹೇಳದೆ ಮಾಡುವ ಹಾಗಿಲ್ಲ. ಹೇಳಿದ ಮೇಲೆ ತಿಳಿಯುವ ಹಾಗೆ ಹೇಳಬೇಕು ಅಲ್ವಾ?

ನನಗೆ ಹೊಳೆದ, ಬೇರೆಯವರು ಸೂಚಿಸಿದ ಪದಗಳನ್ನು ಹೇಳುತ್ತೇನೆ. 'ಮನಬಂದಂತೆ' ಅಂತ ಒಬ್ಬರು ಬರೆದಿದ್ದರು. ಅದು ಬೇಡವೇ ಬೇಡ, ಡಾಕ್ಟರಿಗೆ ತೋಚಿದಂತೆ ಅಂತ ಆಗಿಬಿಡುತ್ತದೆ. 'ಅದೃಷ್ಟಕ್ಕೆ ಬಿಟ್ಟದ್ದು', 'ಲಾಟರಿ' ಸುಲಭವಾಗಿ ತಿಳಿಯುತ್ತವೆ, ನಿಜ. ಆದರೆ ಲಾಟರಿ ಅಂದ ಮೇಲೆ ಗೆದ್ದವರು, ಸೋತವರು ಇರುತ್ತಾರೆ. ಹೊಸ ಔಷಧ ಸಿಕ್ಕವರೇ ಗೆದ್ದವರು ಅಂತ ಜನ ತಿಳಿಯುತ್ತಾರೆ. ಹೊಸದು ಹೆಚ್ಚೋ ಹಳೆಯದು ಹೆಚ್ಚೋ ಯಾರಿಗೂ ಗೊತ್ತಿಲ್ಲ ಅಂತಲೇ ತಾನೇ ಅಧ್ಯಯನ ಮಾಡುವುದು! 'ಟಾಸ್ ಹಾಕಿ' ಅನ್ನುವುದು ಕ್ರಿಕೆಟ್ ನೋಡುವ ಹುಡುಗರಿಗೆ ಸರಿ, ಆದರೆ ಅಲ್ಲೂ ಗೆಲುವು ಸೋಲು ಬಂತು.

ನನ್ನ ಒಲವು 'ಚೀಟಿ ಎತ್ತುವುದು' ಕಡೆಗೆ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ ಚೀಟಿ ಬರೆದು ಸಣ್ಣ ಮಗುವಿನ ಕೈಲಿ ಎತ್ತಿಸುತ್ತಾರೆ. ಯಾರ ಕೈವಾಡವೂ ಇಲ್ಲ ಅನ್ನುವ ಭಾವ ಆ ಮಾತಿನಲ್ಲೇ ಇದೆ. ತೊಡಕು ಏನಂದರೆ ನಮ್ಮೂರಲ್ಲಿ 'ಚೀಟಿ ಎತ್ತಿದ' ಅಂದರೆ ಚೀಟಿ ವ್ಯವಹಾರದ ದುಡ್ಡು ತಗೊಂಡ ಅಂತಲೂ ಆಗುತ್ತದೆ. ಇನ್ನು ಆಸ್ಪತ್ರೆಯಲ್ಲಿ ಚೀಟಿ ಅಂದರೆ ಮೊದಲು ನೆನಪಾಗುವುದು ಔಷಧದ ಚೀಟಿ, ಡಾಕ್ಟರು ಬರೆಯುವಂಥದ್ದು. ಅದೇ ತಾನೇ ನಾವು ಅಲ್ಲ ಅನ್ನಬೇಕಾದ್ದು.

ಪಠ್ಯಪುಸ್ತಕದ 'ಯಾದೃಚ್ಛಿಕ ಮಾದರಿ' ಬಗ್ಗೆ ನನ್ನ ತಕರಾರಿಲ್ಲ. ಅದು ಸಮೀಕ್ಷೆಗೆ ಊರಲ್ಲಿ ಯಾವ ಮನೆಗಳನ್ನು ಕೇಳಬೇಕು ಅಂತ ಆರಿಸುವ ಕ್ರಮ. ಇಲ್ಲಿ ಆಗುವುದು ಬಂದವರನ್ನೇ ಎರಡು ಪಾಲು ಮಾಡುವ ಕೆಲಸ. ಎರಡಕ್ಕೂ ಒಂದೇ ಪದ ಹಾಕುವುದರಿಂದ ಓದಿದವರಿಗೂ ಗೊಂದಲ.

ಸದ್ಯಕ್ಕೆ ನಾನು ಬರೆದಿರುವುದು ಹೀಗೆ: 'ನಿಮಗೆ ಯಾವ ಔಷಧ ಅಂತ ಡಾಕ್ಟರು ಆರಿಸುವುದಿಲ್ಲ, ನೀವೂ ಆರಿಸುವ ಹಾಗಿಲ್ಲ. ಹೆಸರು ಬರೆದು ಚೀಟಿ ಎತ್ತಿದ ಹಾಗೆ ಕಂಪ್ಯೂಟರಿನಲ್ಲಿ ಗುಂಪು ಬೀಳುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಒಳ್ಳೆಯದು ಅಂತ ಇನ್ನೂ ಗೊತ್ತಿಲ್ಲ.' ಉದ್ದವಾಯಿತು ಅಂತ ಕಮಿಟಿಯಲ್ಲೇ ಕೆಲವರು ಹೇಳಿದರು. ಉದ್ದ ಇದ್ದರೆ ಇರಲಿ ಅಂತ ನನ್ನ ಅನಿಸಿಕೆ.

'ಗುಂಪು ಬೀಳುತ್ತದೆ' ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಜಗಳ ಆಗಿ ಗುಂಪುಗಾರಿಕೆ ಆಯಿತು ಅಂತ ಅನ್ನಿಸುತ್ತಾ? ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆ ಪಾಲು ಮಾಡುವಾಗ ಚೀಟಿ ಎತ್ತಿಸುವುದಕ್ಕೆ ಬೇರೆ ಮಾತು ಇದ್ದರೆ ದಯವಿಟ್ಟು ತಿಳಿಸಿ. ಮನೆಯ ಹಿರಿಯರನ್ನು ಕೇಳಿ ಬರೆದರೆ ಇನ್ನೂ ಒಳ್ಳೆಯದು.